ಕಲ್ಲಿಗೂ ರಿಮ್ಮಿಗೂ ನಡುವೆ ಐದು ಸೆಂಟಿಮೀಟರ್ ಗಾಳಿ

ನನ್ನ ಸೈಕಲ್ಲಿನ ಹಿಂದಿನ ಚಕ್ರದ ರಿಮ್ಮಿನಲ್ಲಿ, ವಾಲ್ವಿನಿಂದ ಒಂದು ಗೇಣು ಆಚೆಗೆ, ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ನೆಗ್ಗು ಇದೆ. ಟೈರು ಕೂರುವ ಅಂಚು ಅಲ್ಲಿ ಎರಡು ಮಿಲಿಮೀಟರಿನಷ್ಟು ಒಳಕ್ಕೆ ಮಡಚಿಕೊಂಡಿದೆ. ಕಪ್ಪು ಬಣ್ಣ ಹಾರಿಹೋಗಿ ಒಳಗಿನ ಅಲ್ಯೂಮಿನಿಯಂ ಬೆಳ್ಳಗೆ ಕಾಣುತ್ತದೆ. ಬೆಂಗಳೂರಿನ ದಕ್ಷಿಣಕ್ಕಿರುವ ತುರಹಳ್ಳಿ ಕಾಡಿನ ಒಂದು ಬಂಡೆಯ ಅಂಚು ಮಾಡಿದ ಕೆಲಸ ಅದು. ಅದೇ ಬಂಡೆಯಿಂದ, ಹೆಚ್ಚುಕಡಿಮೆ ಅದೇ ವೇಗದಲ್ಲಿ, ಅದಕ್ಕೆ ಮೊದಲು ಹಲವಾರು ಸಲ ಇಳಿದಿದ್ದೆ, ಏನೂ ಆಗಿರಲಿಲ್ಲ. ಆ ದಿನ ಬದಲಾಗಿದ್ದದ್ದು ಇಷ್ಟೇ: ಸವೆದುಹೋಗಿದ್ದ 2.4 ಇಂಚಿನ ಟೈರನ್ನು ತೆಗೆದು, ತೂಕ ಕಡಿಮೆಯಾಗುತ್ತದೆಂಬ ಆಸೆಗೆ 2.1 ಇಂಚಿನದನ್ನು ಹಾಕಿದ್ದೆ, ಗಾಳಿಯನ್ನು ಮಾತ್ರ ಹಳೆಯ ಟೈರಿಗೆ ಇಡುತ್ತಿದ್ದಷ್ಟೇ ಇಟ್ಟಿದ್ದೆ. ಬಂಡೆಯಿಂದ ಇಳಿಯುವಾಗ, ಅಡುಗೆಮನೆಯಲ್ಲಿ ಪಾತ್ರೆ ಕೆಳಗೆ ಬಿದ್ದಂತೆ ಲೋಹದ ಸದ್ದೊಂದು ಕೇಳಿಸಿತು.

ದೊಡ್ಡ ಟೈರು ಹಾಕಿದರೆ ಮೌಂಟನ್ ಬೈಕಿನ ರಿಮ್ ಹೆಚ್ಚು ಕಾಲ ಬಾಳುತ್ತದೆಯೇ, ಇಲ್ಲವೇ ಬೇಗ ಹಾಳಾಗುತ್ತದೆಯೇ ಎಂಬ ಪ್ರಶ್ನೆಗೆ ಸವಾರರ ನಡುವೆ ಎರಡು ಉತ್ತರಗಳು ಚಾಲ್ತಿಯಲ್ಲಿವೆ. ದಪ್ಪ ಟೈರೆಂದರೆ ದಪ್ಪ ದಿಂಬು, ಕಲ್ಲಿನ ಏಟು ರಿಮ್ಮಿನವರೆಗೆ ಬರುವುದೇ ಇಲ್ಲ ಎನ್ನುವವರು ಒಂದು ಕಡೆ. ದಪ್ಪ ಟೈರು ರಿಮ್ಮಿನ ಗೋಡೆಗಳನ್ನು ಹೊರಕ್ಕೆ ಎಳೆದು ಸೀಳಿಹಾಕುತ್ತದೆ, ತಯಾರಕರು ಹೇಳಿದ ಅಳತೆಯನ್ನು ಮೀರಲೇಬಾರದು ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತೂ ನಿಜ. ಮೊದಲನೆಯವರು ಹೇಳುತ್ತಿರುವುದು ಗಾಳಿ ಕಡಿಮೆಯಿದ್ದಾಗಿನ ಸಂಗತಿ, ಎರಡನೆಯವರದು ಗಾಳಿ ಹೆಚ್ಚಾದಾಗಿನ ಸಂಗತಿ. ಎಷ್ಟು ಒತ್ತಡದಿಂದ ಎಷ್ಟು ಒತ್ತಡದವರೆಗೆ ರಿಮ್ ಕ್ಷೇಮವಾಗಿರುತ್ತದೆ ಎಂಬುದಕ್ಕೆ ಕೆಳಗೊಂದು, ಮೇಲೊಂದು ಗಡಿಯಿದೆ. ಟೈರಿನ ಅಳತೆ ಮಾಡುವುದೆಲ್ಲ ಆ ಎರಡು ಗಡಿಗಳನ್ನು ಸರಿಸುವುದು. ಟೈರು ದೊಡ್ಡದಾದಂತೆ ಎರಡೂ ಕೆಳಕ್ಕೆ ಇಳಿಯುತ್ತವೆ, ಆದರೆ ಒಂದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ವಿಷಯದ ಸೂಕ್ಷ್ಮವೆಲ್ಲ ಆ ವ್ಯತ್ಯಾಸದಲ್ಲಿದೆ.

ಮೊದಲು ಅಳತೆಯ ಮಾತನ್ನು ಮುಗಿಸಿಬಿಡೋಣ. ಟೈರಿನ ಪಕ್ಕದಲ್ಲಿ ದೊಡ್ಡದಾಗಿ 29 × 2.4 ಎಂದು ಬರೆದಿರುವುದರ ಜೊತೆಗೆ, ಸಣ್ಣ ಅಕ್ಷರಗಳಲ್ಲಿ 61-622 ಎಂಬಂತಹ ಇನ್ನೊಂದು ಜೋಡಿ ಅಂಕಿಯೂ ಇರುತ್ತದೆ. ಇದು ಇಟಿಆರ್‌ಟಿಒ ಎಂಬ ಯುರೋಪಿನ ಟೈರು-ರಿಮ್ ತಾಂತ್ರಿಕ ಸಂಸ್ಥೆಯ ಪದ್ಧತಿ. ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ಟೈರಿನ ಅಂಚು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಮೌಂಟನ್ ಬೈಕುಗಳಲ್ಲಿ ಈ ವ್ಯಾಸ ಮೂರು ಬಗೆ: 26 ಇಂಚಿನದೆಂದು ಕರೆಯುವ 559, 27.5 ಇಂಚಿನ 584, ಮತ್ತು 29 ಇಂಚಿನ 622. ಇಂಚಿನ ಹೆಸರುಗಳನ್ನು ನಂಬಬಾರದು ಎನ್ನುವುದಕ್ಕೆ ನಮ್ಮೂರುಗಳಲ್ಲೇ ಸಾಕ್ಷಿಯಿದೆ. ಹಾಲಿನ ಕ್ಯಾನು ಹೊರುವ ಹಳೆಯ ಕಪ್ಪು ಸೈಕಲ್ಲಿನ 28 × 1½ ಟೈರು ಕೂರುವ ರಿಮ್ಮಿನ ವ್ಯಾಸ 635 ಮಿಲಿಮೀಟರ್. ಹೆಸರಿನಲ್ಲಿ ಒಂದು ಇಂಚು ದೊಡ್ಡದಾದ 29ರ ರಿಮ್ಮು ಅದಕ್ಕಿಂತ ಚಿಕ್ಕದು.

ಈಗ ಕೆಳಗಿನ ಗಡಿ. ಸವಾರನೂ ಸೈಕಲ್ಲೂ ಸೇರಿ 90 ಕಿಲೋ, ಅದರಲ್ಲಿ 55 ಕಿಲೋ ಹಿಂದಿನ ಚಕ್ರದ ಮೇಲೆ ಬೀಳುತ್ತದೆ ಎಂದಿಟ್ಟುಕೊಳ್ಳಿ. ಟೈರಿನಲ್ಲಿ 22 ಪಿಎಸ್‌ಐ (ಪಿಎಸ್‌ಐ ಎಂದರೆ ಒಂದು ಚದರ ಇಂಚಿನ ಮೇಲೆ ಒಂದು ಪೌಂಡಿನ ಒತ್ತಡ) ಗಾಳಿಯಿದ್ದರೆ, ಆ ಭಾರವನ್ನು ಹೊರಲು ಟೈರು ನೆಲವನ್ನು ಸುಮಾರು 36 ಚದರ ಸೆಂಟಿಮೀಟರಿನಷ್ಟು ಮುಟ್ಟಬೇಕಾಗುತ್ತದೆ, ಅಂದರೆ ಎಟಿಎಂ ಕಾರ್ಡಿಗಿಂತ ತುಸು ಚಿಕ್ಕ ಜಾಗ. ಸಮತಟ್ಟಾದ ನೆಲದಲ್ಲಿ ಟೈರು ಸ್ವಲ್ಪ ಚಪ್ಪಟೆಯಾದರೂ ಇಷ್ಟು ಜಾಗ ಸಿಕ್ಕಿಬಿಡುತ್ತದೆ. ಆದರೆ ಕಲ್ಲಿನ ಚೂಪಾದ ಅಂಚಿನ ಮೇಲೆ ಸಿಗುವುದು ಸಣ್ಣ ಜಾಗ. ಅಷ್ಟೇ ಬಲವನ್ನು ಎದುರಿಸಲು ಟೈರು ಕಲ್ಲನ್ನು ತನ್ನೊಳಗೆ ಇನ್ನೂ ಆಳಕ್ಕೆ ಬಿಟ್ಟುಕೊಳ್ಳಬೇಕು. ಕಲ್ಲು ಒಳಗೆ ಬರಲು ಇರುವ ಅವಕಾಶ, 2.4 ಇಂಚಿನ ಟೈರಿನಲ್ಲಿ, ರಿಮ್ಮಿನ ಅಂಚಿನಿಂದ ಟೈರಿನ ಮೈವರೆಗಿನ ಸುಮಾರು ಐದು ಸೆಂಟಿಮೀಟರ್. ಅದು ಮುಗಿದ ಕ್ಷಣದಲ್ಲಿ ಕಲ್ಲು, ಎರಡು ಪದರ ರಬ್ಬರು, ರಿಮ್ಮು ಒಂದರ ಮೇಲೊಂದು ಕೂರುತ್ತವೆ. ಅಲ್ಲಿಂದ ಮುಂದೆ ಗಾಳಿಗೆ ಕೆಲಸವಿಲ್ಲ. ಉಳಿದ ಶಕ್ತಿಯನ್ನು ಲೋಹವೇ ನುಂಗಿಕೊಳ್ಳಬೇಕು, ಮತ್ತು ಲೋಹ ಅದನ್ನು ನುಂಗುವುದು ಬಾಗುವ ಮೂಲಕ.

ಆ ಐದು ಸೆಂಟಿಮೀಟರಿನಲ್ಲಿ ಗಾಳಿ ಎಷ್ಟು ಶಕ್ತಿಯನ್ನು ಹೀರಬಲ್ಲದು? ಕಲ್ಲು ಟೈರಿನೊಳಗೆ ಆಕ್ರಮಿಸಿದ ಜಾಗದ ಘನ ಅಳತೆಯನ್ನು ಗಾಳಿಯ ಒತ್ತಡದಿಂದ ಗುಣಿಸಿದರೆ ಹೆಚ್ಚುಕಡಿಮೆ ಉತ್ತರ ಸಿಗುತ್ತದೆ. ಟೈರು ಎತ್ತರವಾದಂತೆ ಕಲ್ಲು ಇಳಿಯಬಲ್ಲ ಆಳ ಹೆಚ್ಚುತ್ತದೆ. ಆಳ ಹೆಚ್ಚಿದಂತೆ ಟೈರು ಕಲ್ಲನ್ನು ಮುಟ್ಟುವ ಹರವೂ ಹೆಚ್ಚುತ್ತದೆ. ಎರಡು ಹೆಚ್ಚಳಗಳು ಗುಣಾಕಾರವಾಗುವುದರಿಂದ, ಒಂದೇ ಒತ್ತಡದಲ್ಲಿ ಹೀರಿಕೊಳ್ಳಬಲ್ಲ ಶಕ್ತಿ ಟೈರಿನ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂದು ಒರಟಾಗಿ ಲೆಕ್ಕ ಹಾಕಬಹುದು. 2.1 ಇಂಚು ಎಂದರೆ 53 ಮಿಲಿಮೀಟರ್, 2.4 ಎಂದರೆ 61. ವ್ಯತ್ಯಾಸ ಶೇಕಡ 15 ಮಾತ್ರ. ಅದರ ವರ್ಗ ಮಾಡಿದರೆ ಶೇಕಡ 32. ತಿರುಗಿಸಿ ಹೇಳುವುದಾದರೆ, 2.4ರ ಟೈರಿನಲ್ಲಿ 21 ಪಿಎಸ್‌ಐ ಕೊಡುತ್ತಿದ್ದ ರಕ್ಷಣೆಯನ್ನು 2.1ರ ಟೈರಿನಿಂದ ಪಡೆಯಬೇಕಾದರೆ 28 ಪಿಎಸ್‌ಐ ಬೇಕು. ಟೈರಿನ ಬಟ್ಟೆಯ ಬಿಗುವು, ಕಲ್ಲಿನ ಆಕಾರ ಇವನ್ನೆಲ್ಲ ಬದಿಗಿಟ್ಟ ಅಂದಾಜು ಇದು. ಆದರೂ ನನ್ನ ರಿಮ್ಮಿನ ನೆಗ್ಗಿಗೆ ಕಾರಣ ಹೇಳಲು ಇಷ್ಟು ಸಾಕು. ನಾನು ಟೈರು ಬದಲಾಯಿಸಿ ಗಾಳಿಯನ್ನು ಮಾತ್ರ ಹಾಗೆಯೇ ಬಿಟ್ಟಾಗ, ರಕ್ಷಣೆಯ ಕಾಲು ಭಾಗವನ್ನು ಕೈಯಾರೆ ತೆಗೆದುಹಾಕಿದ್ದೆ.

ಇದರ ಜೊತೆಗೆ ವೇಗದ ಲೆಕ್ಕವನ್ನೂ ಸೇರಿಸಿಕೊಳ್ಳಬೇಕು. ಏಟಿನ ಶಕ್ತಿ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಬಡಿಯುವುದಕ್ಕೂ 25ರಲ್ಲಿ ಬಡಿಯುವುದಕ್ಕೂ ಒಂದೂವರೆ ಪಟ್ಟಿಗಿಂತ ಹೆಚ್ಚಿನ ಅಂತರವಿದೆ. ದಪ್ಪ ಟೈರು ಹಾಕಿದ ಮೇಲೂ ರಿಮ್ ನೆಗ್ಗಿತು ಎಂದು ದೂರುವವರಲ್ಲಿ ಹಲವರು ಈ ಬಲೆಗೆ ಬಿದ್ದವರು. ದಪ್ಪ ಟೈರು ಹಾಯೆನಿಸುತ್ತದೆ, ಹಿಡಿತ ಕೊಡುತ್ತದೆ, ಆದ್ದರಿಂದ ವೇಗ ಹೆಚ್ಚುತ್ತದೆ. ಇನ್ನಷ್ಟು ಹಾಯಾಗಲೆಂದು ಗಾಳಿಯನ್ನೂ ಇಳಿಸುತ್ತಾರೆ. ಟೈರು ಕೊಟ್ಟ ಉಳಿತಾಯವನ್ನು ಎರಡು ಕೈಯಲ್ಲೂ ಖರ್ಚು ಮಾಡಿದಂತಾಗುತ್ತದೆ.

ಹಿಂದೆ, ಟ್ಯೂಬಿನ ಕಾಲದಲ್ಲಿ, ಈ ಖರ್ಚಿಗೆ ಒಬ್ಬ ಕಾವಲುಗಾರನಿದ್ದ. ಟೈರು ಪೂರ್ತಿ ಕುಸಿದಾಗ ಒಳಗಿನ ಟ್ಯೂಬು ಕಲ್ಲಿಗೂ ರಿಮ್ಮಿನ ಎರಡು ಅಂಚುಗಳಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದ ಗುರುತಿನಂತೆ ಪಕ್ಕಪಕ್ಕದಲ್ಲಿ ಎರಡು ತೂತು ಬೀಳುತ್ತಿತ್ತು. ಸ್ನೇಕ್ ಬೈಟ್ ಎಂದು ಅದಕ್ಕೆ ಹೆಸರೇ ಬಿದ್ದಿದೆ. ರಿಮ್ ನೆಗ್ಗುವಷ್ಟು ದೊಡ್ಡ ಏಟು ಬೀಳುವ ಮೊದಲೇ ಟ್ಯೂಬು ಹರಿದು, ಗಾಳಿ ಸಾಲದು ಎಂದು ಎಚ್ಚರಿಸುತ್ತಿತ್ತು. 1999ರಲ್ಲಿ ಫ್ರಾನ್ಸಿನ ಮಾವಿಕ್ ಕಂಪನಿ, ಟೈರು ತಯಾರಕರಾದ ಮಿಶೆಲಿನ್ ಮತ್ತು ಹಚಿನ್‌ಸನ್ ಜೊತೆಗೂಡಿ ಯುಎಸ್‌ಟಿ ಎಂಬ ಟ್ಯೂಬ್‌ಲೆಸ್ ಪದ್ಧತಿಯನ್ನು ಮೌಂಟನ್ ಬೈಕಿಗೆ ತಂದಿತು. ಮುಂದೆ ತೂತುಗಳನ್ನು ಒಳಗಿನಿಂದಲೇ ಮುಚ್ಚುವ ಸೀಲಂಟ್ ದ್ರವ ಸುರಿದುಕೊಳ್ಳುವ ಸರಳ ವಿಧಾನಗಳು ಎಲ್ಲ ಕಡೆ ಹಬ್ಬಿದವು. ಕಚ್ಚಿಸಿಕೊಳ್ಳಲು ಟ್ಯೂಬೇ ಇಲ್ಲದ ಮೇಲೆ ಸವಾರರು ಗಾಳಿಯನ್ನು ಧಾರಾಳವಾಗಿ ಇಳಿಸಿದರು. ಕಾವಲುಗಾರ ಹೋದ, ಏಟು ನೇರವಾಗಿ ಯಜಮಾನನಿಗೇ ಬೀಳತೊಡಗಿತು. ಟ್ಯೂಬ್‌ಲೆಸ್ ಒಳ್ಳೆಯದಲ್ಲ ಎನ್ನುವುದು ನನ್ನ ಅಭಿಪ್ರಾಯವಲ್ಲ. ಆದರೆ ರಿಮ್ಮಿನ ಆಯುಸ್ಸಿನ ವಿಚಾರದಲ್ಲಿ ಟೈರಿನ ಎತ್ತರಕ್ಕೆ ಇಷ್ಟು ಮಹತ್ವ ಬಂದದ್ದು ಅದರಿಂದಲೇ ಎಂದು ಧೈರ್ಯವಾಗಿ ಹೇಳಬಹುದು.

ಮೇಲಿನ ಗಡಿಯ ಕತೆ ಬೇರೆ. ಇಲ್ಲಿ ಏಟು ಹೊರಗಿನಿಂದ ಬರುವುದಿಲ್ಲ. ಗಾಳಿ ತುಂಬಿದ ಯಾವುದೇ ಕೊಳವೆಯ ಗೋಡೆಯಲ್ಲಿ ಉಂಟಾಗುವ ಎಳೆತ ಒತ್ತಡವನ್ನು ತ್ರಿಜ್ಯದಿಂದ ಗುಣಿಸಿದಷ್ಟು ಎಂಬುದು ಫ್ರಾನ್ಸಿನ ಗಣಿತಜ್ಞ ಲಾಪ್ಲಾಸನ ಹೆಸರಿನಲ್ಲಿರುವ ನಿಯಮ. ಟೈರೂ ಒಂದು ಕೊಳವೆಯೇ. ಅದರ ನೂಲಿನ ಪದರದಲ್ಲಿ ಹುಟ್ಟುವ ಈ ಎಳೆತ ಕೊನೆಗೆ ಬಂದು ಜೋತುಬೀಳುವುದು ರಿಮ್ಮಿನ ಎರಡು ಪಕ್ಕದ ಗೋಡೆಗಳಿಗೆ. ರಸ್ತೆ ಸೈಕಲ್ಲಿನ 25 ಮಿಲಿಮೀಟರ್ ಟೈರಿಗೆ 100 ಪಿಎಸ್‌ಐ ಗಾಳಿ ತುಂಬಿದರೆ ಗೋಡೆಯ ಪ್ರತಿ ಸೆಂಟಿಮೀಟರ್ ಉದ್ದಕ್ಕೆ ಸುಮಾರು 9 ಕಿಲೋ ತೂಕದ ಎಳೆತ ಬರುತ್ತದೆ. ಮೌಂಟನ್ ಬೈಕಿನ 57 ಮಿಲಿಮೀಟರ್ ಟೈರಿಗೆ 29 ಪಿಎಸ್‌ಐ ತುಂಬಿದರೆ ಸುಮಾರು 6 ಕಿಲೋ. ಕೇಳಲು ಸಣ್ಣದೆನಿಸುವ ಈ 6 ಕಿಲೋ, 29 ಇಂಚಿನ ಚಕ್ರದ 195 ಸೆಂಟಿಮೀಟರ್ ಸುತ್ತಳತೆಯ ಉದ್ದಕ್ಕೂ ಕೂಡಿದಾಗ, ಒಂದೊಂದು ಗೋಡೆಯ ಮೇಲೂ ಒಂದು ಟನ್ನಿಗಿಂತ ಹೆಚ್ಚಾಗುತ್ತದೆ. ಸೈಕಲ್ ಮೂಲೆಯಲ್ಲಿ ಒರಗಿ ನಿಂತಿರುವಾಗಲೂ ರಿಮ್ ಇಷ್ಟನ್ನು ಹಿಡಿದುಕೊಂಡೇ ಇರುತ್ತದೆ.

ಹಿಮದ ಮೇಲೆ, ಮರಳಿನ ಮೇಲೆ ಓಡಿಸುವ ಫ್ಯಾಟ್ ಬೈಕಿನ 100 ಮಿಲಿಮೀಟರ್ ಟೈರನ್ನು ನೋಡಿ. ಅದಕ್ಕೆ 10 ಪಿಎಸ್‌ಐ ಗಾಳಿ ಇಟ್ಟರೆ ಎಳೆತ ಸೆಂಟಿಮೀಟರಿಗೆ ಮೂರೂವರೆ ಕಿಲೋ; ಅದಕ್ಕೇ ಅದರ ಅಗಲವಾದ ರಿಮ್ಮನ್ನು ಒಂದೇ ಪದರದಲ್ಲಿ ಮಾಡಿ, ತೂಕ ಉಳಿಸಲು ನಡುವೆ ದೊಡ್ಡ ದೊಡ್ಡ ತೂತುಗಳನ್ನು ಕೊರೆದುಬಿಡುತ್ತಾರೆ. ಅದೇ ಟೈರಿಗೆ ಬೇರೆ ಸೈಕಲ್ಲುಗಳಂತೆ 29 ಪಿಎಸ್‌ಐ ತುಂಬಿದರೆ ಎಳೆತ 10 ಕಿಲೋಗೆ ಏರಿ, 100 ಪಿಎಸ್‌ಐನ ರಸ್ತೆ ಟೈರನ್ನೂ ಮೀರಿಸುತ್ತದೆ. ಗೇಜಿನ ಮುಳ್ಳು ತೋರಿಸುವ ಅಂಕಿ ಚಿಕ್ಕದು ಎಂದ ಮಾತ್ರಕ್ಕೆ ರಿಮ್ಮಿನ ಮೇಲಿನ ಹೊರೆಯೂ ಚಿಕ್ಕದೆಂದು ತಿಳಿಯಬಾರದು. ಗಾಳಿ ಹಾಕಿಸಿ ಹೆಬ್ಬೆರಳಿನಿಂದ ಒತ್ತಿ ನೋಡಿ, ಕಲ್ಲಿನಂತೆ ಗಟ್ಟಿಯಾದರೆ ಮಾತ್ರ ಸಮಾಧಾನಪಡುವ ನಮ್ಮ ಅಭ್ಯಾಸ ಸಣ್ಣ ಟೈರಿನ ಕಾಲದ್ದು. 2.4 ಇಂಚಿನ ಟೈರನ್ನು ಹಾಗೆ 60 ಪಿಎಸ್‌ಐವರೆಗೆ ಬಿಗಿ ಮಾಡಿಸಿದರೆ ಗೋಡೆಯ ಮೇಲೆ ಸೆಂಟಿಮೀಟರಿಗೆ ಸುಮಾರು 13 ಕಿಲೋ ಬೀಳುತ್ತದೆ. ಆದ್ದರಿಂದಲೇ ರಿಮ್ ತಯಾರಕರು ಟೈರಿನ ಅಗಲಕ್ಕೆ ತಕ್ಕಂತೆ ಗರಿಷ್ಠ ಒತ್ತಡದ ಪಟ್ಟಿ ಕೊಡುತ್ತಾರೆ, ಮತ್ತು ಆ ಪಟ್ಟಿಯಲ್ಲಿ ಅಗಲ ಏರಿದಂತೆ ಒತ್ತಡ ಇಳಿಯುತ್ತದೆ. ಟೈರಿನ ಮೇಲೊಂದು ಮಿತಿ, ರಿಮ್ಮಿನ ಮೇಲೊಂದು ಮಿತಿ ಇದ್ದರೆ, ಎರಡರಲ್ಲಿ ಚಿಕ್ಕದನ್ನೇ ಪಾಲಿಸಬೇಕು.

ಈ ಎಳೆತ ನಿಜವಾಗಿ ಅಪಾಯಕ್ಕೆ ತಿರುಗುವುದು ರಿಮ್ಮನ್ನೇ ಹಿಡಿಯುವ ಬ್ರೇಕಿನ ಸೈಕಲ್ಲುಗಳಲ್ಲಿ. ವಿ-ಬ್ರೇಕಿನ ರಬ್ಬರು ಪ್ರತಿ ಸಲ ಒತ್ತಿದಾಗಲೂ, ಮಳೆಗಾಲದ ಕೆಸರು ಮೆತ್ತಿದಾಗ ಇನ್ನೂ ಜೋರಾಗಿ, ಅದೇ ಪಕ್ಕದ ಗೋಡೆಯನ್ನು ತೇಯುತ್ತದೆ. ಗೋಡೆಯನ್ನು ಒಂದು ಕಡೆ ಮಾತ್ರ ನೆಟ್ಟ ಹಲಗೆಯೆಂದು ಭಾವಿಸಿದರೆ, ಅದರ ಬುಡದಲ್ಲಿ ಉಂಟಾಗುವ ಬಾಗುವ ಒತ್ತಡ ದಪ್ಪದ ವರ್ಗಕ್ಕೆ ವಿಲೋಮವಾಗಿರುತ್ತದೆ. ಒಂದೂವರೆ ಮಿಲಿಮೀಟರ್ ಇದ್ದದ್ದು ಒಂದಕ್ಕೆ ಸವೆದರೆ ಲೋಹದ ಮೇಲಿನ ಹೊರೆ ಎರಡೂಕಾಲು ಪಟ್ಟು. ಅಂತಹ ಸವೆದ ರಿಮ್ಮಿಗೆ ಹೊಸದಾಗಿ ದಪ್ಪ ಟೈರು ಹಾಕಿ, ಹಳೆಯ ಲೆಕ್ಕದಲ್ಲೇ ಗಾಳಿ ತುಂಬಿಸಿದರೆ, ಗೋಡೆ ಉದ್ದಕ್ಕೆ ಸೀಳಿಕೊಂಡು ಪಟಾಕಿಯಂತೆ ಸಿಡಿಯಬಹುದು. ಹಳೆಯ ಕಪ್ಪು ಸೈಕಲ್ಲಿನ ರಾಡ್ ಬ್ರೇಕು ಇದರಿಂದ ಪಾರಾಗಿತ್ತು. ಅದರ ರಬ್ಬರು ಕಟ್ಟೆಗಳು ಕೆಳಗಿನಿಂದ, ಚಕ್ರದ ನಡುವಿನ ಹಬ್ಬಿನ ಕಡೆಗಿರುವ ಮೈಯನ್ನು ಒತ್ತುತ್ತಿದ್ದವು, ಪಕ್ಕದ ಗೋಡೆಯ ತಂಟೆಗೆ ಹೋಗುತ್ತಿರಲಿಲ್ಲ. ಡಿಸ್ಕ್ ಬ್ರೇಕು ಬಂದ ಮೇಲೆ ಮೌಂಟನ್ ಬೈಕಿನ ರಿಮ್ಮಿಗೂ ಆ ನೆಮ್ಮದಿ ಸಿಕ್ಕಿತು.

ಎರಡು ಗಡಿಗಳನ್ನು ಈಗ ಒಟ್ಟಿಗೆ ಇಟ್ಟು ನೋಡಬಹುದು. ಟೈರಿನ ಅಳತೆ ಏರಿದಾಗ ಮೇಲಿನ ಗಡಿ ಅಳತೆಯ ಪ್ರಮಾಣದಲ್ಲಿ ಇಳಿಯುತ್ತದೆ, ಕೆಳಗಿನ ಗಡಿ ಅಳತೆಯ ವರ್ಗದ ಪ್ರಮಾಣದಲ್ಲಿ ಇಳಿಯುತ್ತದೆ. ಕೆಳಗಿನದು ಹೆಚ್ಚು ಬೇಗ ಇಳಿಯುವುದರಿಂದ ಎರಡರ ನಡುವಿನ ಜಾಗ, ಪ್ರಮಾಣದ ಲೆಕ್ಕದಲ್ಲಿ, ವಿಶಾಲವಾಗುತ್ತದೆ. 2.1ರಲ್ಲಿ 28 ಪಿಎಸ್‌ಐ ಇಡುತ್ತಿದ್ದವರು 2.4ರಲ್ಲಿ 21 ಇಟ್ಟರೆ ಕಲ್ಲಿನ ಏಟಿನಿಂದ ಅಷ್ಟೇ ರಕ್ಷಣೆ ಸಿಗುತ್ತದೆ, ಗೋಡೆಯ ಮೇಲಿನ ಎಳೆತವೋ ಶೇಕಡ 13ರಷ್ಟು ಕಡಿಮೆಯಾಗಿರುತ್ತದೆ. 24 ಇಟ್ಟರೆ ಎಳೆತ ಹೆಚ್ಚುಕಡಿಮೆ ಮೊದಲಿನಷ್ಟೇ, ಏಟಿನ ವಿರುದ್ಧ ರಕ್ಷಣೆ ಹೆಚ್ಚು. ದಪ್ಪ ಟೈರು ರಿಮ್ಮಿಗೆ ಒಳ್ಳೆಯದು ಎಂಬ ಮಾತಿಗೆ ನಾನು ಒಪ್ಪುವುದು ಈ ಅರ್ಥದಲ್ಲಿ: ಗಾಳಿಯ ವಿಚಾರದಲ್ಲಿ ಅದು ಸವಾರನ ಸಣ್ಣಪುಟ್ಟ ತಪ್ಪುಗಳನ್ನು ಸಹಿಸಿಕೊಳ್ಳುತ್ತದೆ.

ಆದರೆ ಟೈರು ಎಷ್ಟು ದೊಡ್ಡದು ಎಂಬುದರ ಜೊತೆಗೆ ಅದು ಎಷ್ಟು ಅಗಲದ ರಿಮ್ಮಿನ ಮೇಲೆ ಕೂತಿದೆ ಎಂಬುದೂ ಮುಖ್ಯ. ಮೌಂಟನ್ ಬೈಕು ಹುಟ್ಟಿದ್ದು ದಪ್ಪ ಟೈರಿನಿಂದಲೇ. 1976ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಬೆಟ್ಟದಲ್ಲಿ ರಿಪ್ಯಾಕ್ ಎಂಬ ಇಳಿಜಾರಿನ ಪಂದ್ಯ ಮೊದಲ ಸಲ ನಡೆದಾಗ ಸವಾರರು ತಂದದ್ದು 26 × 2.125 ಇಂಚಿನ ಬಲೂನ್ ಟೈರುಗಳ ಹಳೆಯ ಭಾರದ ಸೈಕಲ್ಲುಗಳನ್ನು. ಆ ಉಕ್ಕಿನ ರಿಮ್ಮುಗಳ ತೂಕ ವಿಪರೀತ, ಬೆಟ್ಟ ಹತ್ತಲು ಆಗದು. ಹಗುರವಾದ ಅಲ್ಯೂಮಿನಿಯಂ ರಿಮ್ಮು ಬಂತು. ತೊಂಬತ್ತರ ದಶಕದ ಪಂದ್ಯದ ಹುಚ್ಚಿನಲ್ಲಿ ತೂಕ ಇಳಿಸುತ್ತ ಇಳಿಸುತ್ತ ರಿಮ್ಮಿನ ಒಳ ಅಗಲ 17 ಮಿಲಿಮೀಟರಿಗೂ ಟೈರು 1.95 ಇಂಚಿಗೂ ಬಂದು ನಿಂತವು. ಇಂದು ಸಾಮಾನ್ಯ ಕಾಡುದಾರಿಯ ಸೈಕಲ್ಲಿನ ರಿಮ್ಮಿನ ಒಳ ಅಗಲ 30 ಮಿಲಿಮೀಟರ್, ಟೈರು 2.3ರಿಂದ 2.6.

ಹಳೆಯ ಕಿರಿದಾದ ರಿಮ್ಮಿಗೆ ಇಂದಿನ ದಪ್ಪ ಟೈರು ಹಾಕಿದರೆ ಅದರ ಅಡ್ಡಕೊಯ್ತ ವಿದ್ಯುತ್ ಬಲ್ಬಿನಂತೆ ಕಾಣುತ್ತದೆ: ಕೆಳಗೆ ಕಿರಿದು, ಮೇಲೆ ಉಬ್ಬು. ಟೈರಿನ ಬಟ್ಟೆ ರಿಮ್ಮಿನ ಅಂಚನ್ನು ಬಿಡುವಾಗಲೇ ಹೊರಕ್ಕೆ ವಾಲಿಕೊಂಡು ಹೋಗುತ್ತದೆ, ಆದ್ದರಿಂದ ಗೋಡೆಯನ್ನು ಪಕ್ಕಕ್ಕೆ ಎಳೆಯುವ ಪಾಲು ಹೆಚ್ಚು. ತಿರುವಿನಲ್ಲಿ ಈ ಉಬ್ಬು ಒಂದು ಕಡೆಗೆ ಮಲಗಿದಾಗ, ಟೈರಿನ ಎತ್ತರವೇ ಸನ್ನೆಕೋಲಾಗಿ ಅಂಚನ್ನು ಮೀಟುತ್ತದೆ. ಟ್ಯೂಬ್‌ಲೆಸ್ ಆಗಿದ್ದರೆ ಬುಸ್ಸೆಂದು ಗಾಳಿ ಹೊರಬೀಳುವುದೂ ಉಂಟು. ಇದಕ್ಕೆ ತದ್ವಿರುದ್ಧವಾಗಿ, 35 ಮಿಲಿಮೀಟರ್ ಒಳ ಅಗಲದ ರಿಮ್ಮಿಗೆ 2.1ರ ಟೈರು ಹಾಕಿದರೆ ಅದು ಚೌಕಾಕಾರಕ್ಕೆ ಹರಡಿ ಕುಳ್ಳಗಾಗುತ್ತದೆ. ರಿಮ್ಮಿನ ಹೊರಗಿನ ಅಂಚುಗಳು ಟೈರಿನ ಅಗಲಕ್ಕೆ ಸಮೀಪದವರೆಗೆ ಚಾಚಿಕೊಂಡಿರುತ್ತವೆ, ಮೇಲಿನಿಂದ ಬರುವ ಕಲ್ಲಿಗೂ ಪಕ್ಕದಿಂದ ಒರಸುವ ಕಲ್ಲಿಗೂ ಮೈಯೊಡ್ಡಿಕೊಂಡು. ನನಗೆ ಕೇಳಿದರೆ, ರಿಮ್ಮಿನ ದೃಷ್ಟಿಯಿಂದ ಈ ಎರಡನೆಯ ಜೋಡಿ ಹೆಚ್ಚು ಕೆಟ್ಟದ್ದು. ಬಲ್ಬಿನಾಕಾರದ ಟೈರು ಓಡಿಸಲು ಹಿತವಲ್ಲ, ಆದರೆ ಮಿತವಾದ ಗಾಳಿಯಲ್ಲಿ ರಿಮ್ಮನ್ನು ಅದು ಬಚಾವು ಮಾಡುತ್ತದೆ. ಕುಳ್ಳ ಟೈರು ಕಲ್ಲಿನ ದಾರಿಯಲ್ಲಿ ಏನನ್ನೂ ಬಚಾವು ಮಾಡುವುದಿಲ್ಲ.

ಟೈರಿನ ಅಗಲದ ಬಗ್ಗೆ ಇಷ್ಟಾಯಿತು. ವ್ಯಾಸದ ಬಗ್ಗೆ ಮಾರಾಟಗಾರರು ಹೇಳುವುದು ಸ್ವಲ್ಪ ಹೆಚ್ಚೇ ಆಯಿತು. 29 ಇಂಚಿನ ಚಕ್ರ ಕಲ್ಲನ್ನು ಸಲೀಸಾಗಿ ಹತ್ತುವುದರಿಂದ ರಿಮ್ಮಿಗೆ ಏಟು ಕಡಿಮೆ ಎನ್ನುತ್ತಾರೆ. ಟೈರೂ ಸೇರಿ 26ರ ಚಕ್ರದ ತ್ರಿಜ್ಯ ಸುಮಾರು 335 ಮಿಲಿಮೀಟರ್, 29ರದು 370. ಎಂಟು ಸೆಂಟಿಮೀಟರ್ ಎತ್ತರದ ಕಲ್ಲನ್ನು ಮುಟ್ಟುವ ಕೋನವನ್ನು ಲೆಕ್ಕ ಹಾಕಿದರೆ ಚಿಕ್ಕ ಚಕ್ರಕ್ಕೆ 40 ಡಿಗ್ರಿ, ದೊಡ್ಡದಕ್ಕೆ 38. ಏಟಿನ ಶಕ್ತಿಯಲ್ಲಿ ಉಳಿತಾಯವಾಗುವುದು ಶೇಕಡ 8ರಷ್ಟು, ಅಂದರೆ ಟೈರಿನ ಅಗಲವನ್ನು 2.1ರಿಂದ 2.4ಕ್ಕೆ ಏರಿಸಿದಾಗ ಸಿಗುವ ಲಾಭದ ಕಾಲು ಭಾಗ. ಇದಕ್ಕೆ ಪ್ರತಿಯಾಗಿ 29ರ ರಿಮ್ಮಿನ ಸುತ್ತಳತೆ ಶೇಕಡ 11ರಷ್ಟು ಹೆಚ್ಚು, ಅದರ ಕಡ್ಡಿಗಳು ಉದ್ದ, ಪಕ್ಕಕ್ಕೆ ಬಾಗುವ ಗುಣವೂ ಹೆಚ್ಚು. ಹಬ್ಬಿನ ಅಗಲವನ್ನು ಹಿಂದೆ 142ರಿಂದ 148 ಮಿಲಿಮೀಟರಿಗೆ, ಮುಂದೆ 100ರಿಂದ 110ಕ್ಕೆ ಏರಿಸಿ, ಕಡ್ಡಿಗಳನ್ನು ಇನ್ನಷ್ಟು ಓರೆಯಾಗಿ ಕಟ್ಟುವ ಬೂಸ್ಟ್ ಎಂಬ ಅಳತೆ ಬಂದದ್ದು ಮುಖ್ಯವಾಗಿ ಈ ಕೊರತೆಯನ್ನು ತುಂಬಿಕೊಳ್ಳಲು.

ಕಡ್ಡಿಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಸೈಕಲ್ ಚಕ್ರ ನಿಂತಿರುವುದು ಕಡ್ಡಿಗಳ ಬಿಗಿತದಿಂದ. ಪ್ರತಿ ಕಡ್ಡಿಯೂ ನೂರು ಕಿಲೋ ಆಸುಪಾಸಿನ ಬಲದಿಂದ ರಿಮ್ಮನ್ನು ಒಳಕ್ಕೆ ಎಳೆದುಕೊಂಡಿರುತ್ತದೆ. ಏಟು ಬಿದ್ದಾಗ ನೆಲದ ಬಳಿಯ ನಾಲ್ಕೈದು ಕಡ್ಡಿಗಳು ಒಂದು ಕ್ಷಣ ಸಡಿಲವಾಗುತ್ತವೆ. ಏಟು ಜೋರಾಗಿ ರಿಮ್ಮೇ ಚಪ್ಪಟೆಯಾದರೆ ಆ ಕಡ್ಡಿಗಳು ಕಾಯಂ ಆಗಿ ಸಡಿಲಗೊಂಡು, ಅವುಗಳನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ಲುಗಳು ತಾವೇ ತಿರುಗಿ ಇನ್ನಷ್ಟು ಬಿಚ್ಚಿಕೊಳ್ಳುತ್ತವೆ, ಭಾರವೆಲ್ಲ ಪಕ್ಕದ ಕಡ್ಡಿಗಳ ಮೇಲೆ ಬೀಳುತ್ತದೆ. ತಿಂಗಳ ಹಿಂದೆ ಒಂದು ಕಡ್ಡಿ ಮುರಿಯಿತು, ಈಗ ಇನ್ನೊಂದು ಮುರಿಯಿತು ಎಂದು ಬೆಂಡ್ ತೆಗೆಸಲು ಅಂಗಡಿಗೆ ಬರುವ ಚಕ್ರಗಳಲ್ಲಿ ಹುಡುಕಿದರೆ, ಎಲ್ಲೋ ಒಂದು ಕಡೆ ಇಂತಹ ಹಳೆಯ ಚಪ್ಪಟೆ ಜಾಗ ಸಿಗುವುದುಂಟು. ಟೈರು ಸಾಕಷ್ಟು ದಪ್ಪವಾಗಿದ್ದರೆ ಕಡ್ಡಿಗಳವರೆಗೆ ತಲುಪುವ ಏಟೂ ಮೃದುವಾಗಿರುತ್ತದೆ. ರಿಮ್ಮಿನಲ್ಲಿ ಕಡ್ಡಿಯ ತೂತಿನ ಸುತ್ತ ವರ್ಷಗಳ ಮೇಲೆ ಕಾಣಿಸಿಕೊಳ್ಳುವ ಕೂದಲೆಳೆಯಂತಹ ಬಿರುಕುಗಳೂ ತಡವಾಗುತ್ತವೆ.

ಅಳತೆಯೊಂದನ್ನೇ ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ 2015ರ ಸುಮಾರಿಗೆ ಬಂದ ಪ್ಲಸ್ ಟೈರುಗಳು ಒಳ್ಳೆಯ ಪಾಠ. 27.5 ಇಂಚಿನ ಚಕ್ರಕ್ಕೆ 2.8ರಿಂದ 3 ಇಂಚಿನ ಟೈರು ಹಾಕಿದರೆ ಹಿಡಿತವೂ ರಕ್ಷಣೆಯೂ ಒಟ್ಟಿಗೆ ಸಿಗುತ್ತದೆ ಎಂಬುದು ಲೆಕ್ಕಾಚಾರ. ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಅಷ್ಟು ದೊಡ್ಡ ಟೈರನ್ನು ಗಟ್ಟಿ ಬಟ್ಟೆಯಲ್ಲಿ ಮಾಡಿದರೆ ತೂಕ ಹೊರಲಾಗದಷ್ಟಾಗುತ್ತದೆ. ತೂಕ ಇಳಿಸಲು ಬಟ್ಟೆಯನ್ನು ತೆಳುವಾಗಿಸಿದರು. ತೆಳುವಾದ ಟೈರಿನಲ್ಲಿ ಗಾಳಿ ಹೆಚ್ಚಿದ್ದರೆ ಚೆಂಡಿನಂತೆ ಪುಟಿಯುತ್ತದೆ, ಪುಟಿಯುವುದನ್ನು ತಪ್ಪಿಸಲು ಗಾಳಿ ಇಳಿಸಿದರೆ ಮೊದಲ ಚೂಪುಗಲ್ಲೇ ಬಟ್ಟೆಯನ್ನು ದಾಟಿ ರಿಮ್ಮನ್ನು ಮುಟ್ಟುತ್ತದೆ. ಕೆಲವೇ ವರ್ಷಗಳಲ್ಲಿ ಬಹುಪಾಲು ಸವಾರರು 2.4–2.6ಕ್ಕೆ ಮರಳಿದರು. ನಾನು ಇಂದು ಕಲ್ಲಿನ ದಾರಿಗೆ ಆಯ್ದುಕೊಳ್ಳಬೇಕಾದರೆ, ತೆಳುವಾದ 2.8ಕ್ಕಿಂತ ಎರಡು ಪದರದ 2.4ನ್ನೇ ಆರಿಸುತ್ತೇನೆ. ಟೈರಿನೊಳಗೆ ಇಡುವ ಫೋಮಿನ ಉಂಗುರಗಳೂ ಇದೇ ಲೆಕ್ಕದವು. ಗಾಳಿಯ ಐದು ಸೆಂಟಿಮೀಟರ್ ಮುಗಿಯುವ ಕಡೆ ಕೊನೆಯ ಒಂದೆರಡು ಸೆಂಟಿಮೀಟರನ್ನು ಅವು ಗಟ್ಟಿಯಾಗಿಸುತ್ತವೆ. ರಿಮ್ಮುಗಳನ್ನು ಮಾಡುವವರೂ ಸುಮ್ಮನಿಲ್ಲ. ಅಲ್ಯೂಮಿನಿಯಂ ನೆಗ್ಗುತ್ತದೆ, ಕಾರ್ಬನ್ ನೆಗ್ಗದೆ ಬಿರಿಯುತ್ತದೆ. ಆದ್ದರಿಂದ ಕಾರ್ಬನ್ ರಿಮ್ಮುಗಳ ಅಂಚಿನ ಕೊಕ್ಕೆಯಾಕಾರವನ್ನು ತೆಗೆದು, ಅಂಚನ್ನು ದಪ್ಪವಾಗಿ, ಮೊಂಡಾಗಿ ಮಾಡಿ, ಏಟು ಹೆಚ್ಚು ಜಾಗಕ್ಕೆ ಹರಡುವಂತೆ ನೋಡಿಕೊಂಡಿದ್ದಾರೆ.

ಸ್ವಂತ ಸೈಕಲ್ಲಿಗೆ ಕೆಳಗಿನ ಗಡಿಯನ್ನು ಕಂಡುಕೊಳ್ಳಲು ಕೋಷ್ಟಕಕ್ಕಿಂತ ಕಿವಿಯೇ ಮೇಲು. ಒಂದು ಒಳ್ಳೆಯ ಗೇಜು ಇರಬೇಕು, ಯಾವಾಗಲೂ ಅದೇ ಗೇಜಿನಲ್ಲಿ ನೋಡಬೇಕು, ಏಕೆಂದರೆ 20 ಪಿಎಸ್‌ಐ ಸುತ್ತಮುತ್ತ ಎರಡು ಪಿಎಸ್‌ಐ ಎಂದರೆ ಹತ್ತರಲ್ಲೊಂದು ಪಾಲು. ರೂಢಿಯ ಕಲ್ಲುದಾರಿಯಲ್ಲಿ, ರೂಢಿಯ ವೇಗದಲ್ಲಿ, ಒಂದೊಂದೇ ಪಿಎಸ್‌ಐ ಇಳಿಸುತ್ತ ಹೋಗಿ, ರಿಮ್ಮಿಗೆ ಕಲ್ಲು ತಾಗಿದ ಸಣ್ಣ ಟಕ್ ಸದ್ದು ಮೊದಲ ಸಲ ಕೇಳಿದಲ್ಲಿಂದ ಎರಡು ಪಿಎಸ್‌ಐ ಮೇಲಕ್ಕೆ ನಿಲ್ಲಿಸಿದರೆ ಆಯಿತು. ಭಾರವೂ ಏಟೂ ಹಿಂದಿನ ಚಕ್ರಕ್ಕೆ ಹೆಚ್ಚಾದ್ದರಿಂದ ಅಲ್ಲಿ ಮುಂದಿನದಕ್ಕಿಂತ ಎರಡು ಮೂರು ಪಿಎಸ್‌ಐ ಜಾಸ್ತಿ ಇರಲಿ. ಟೈರಿನ ಅಳತೆ ಬದಲಾಯಿಸಿದ ದಿನ ಈ ಕೆಲಸವನ್ನು ಮೊದಲಿನಿಂದ ಮಾಡಬೇಕು. ಹಳೆಯ ಅಂಕಿ ಹಳೆಯ ಟೈರಿನ ಜೊತೆಗೇ ಹೋಯಿತು ಎಂದು ತಿಳಿಯಬೇಕು.

ನನ್ನ ರಿಮ್ಮಿನ ನೆಗ್ಗನ್ನು ಅಂಗಡಿಯ ಹುಡುಗ ಸ್ಪ್ಯಾನರಿನಲ್ಲಿ ಹಿಡಿದು, ಎರಡು ಸಲ ಮೆಲ್ಲಗೆ ಹೊರಕ್ಕೆ ಬಗ್ಗಿಸಿದ. ಮೂರನೆಯ ಸಲಕ್ಕೆ ಕೈ ತಡೆದು, ಇನ್ನು ಬೇಡ, ಅಲ್ಯೂಮಿನಿಯಂ ಸೀಳುತ್ತದೆ ಎಂದ. ಅಂಚು ಪೂರ್ತಿ ನೇರವಾಗಿಲ್ಲ. ಈಗ ಅದರ ಮೇಲೆ ಮತ್ತೆ 2.4ರ ಟೈರು ಇದೆ, ಹಿಂದೆ 24 ಪಿಎಸ್‌ಐ, ಮುಂದೆ 21. ರಾತ್ರಿಯೆಲ್ಲ ನಿಂತ ಸೈಕಲ್ಲಿನಲ್ಲಿ, ವಾಲ್ವಿನಿಂದ ಒಂದು ಗೇಣು ಆಚೆಗೆ, ಸೀಲಂಟ್ ಒಂದು ಹನಿಯಷ್ಟು ಜಿನುಗಿ ಒಣಗಿರುತ್ತದೆ. ಹೊರಡುವ ಮೊದಲು ಬಟ್ಟೆಯಿಂದ ಒರೆಸಿ ಗಾಳಿ ನೋಡಿಕೊಳ್ಳುತ್ತೇನೆ.